ಜನವರಿಯ ಕೊಡೆ

ಇವತ್ತಿನ ಬೆಳಿಗ್ಗೆಯೂ ಎಲ್ಲ ಬೆಳಿಗ್ಗೆಗಳ ಹಾಗೆಯೇ ಶುರುವಾಯಿತು. ಐದೂವರೆಗೆ ಎದ್ದೆ. ಹಂಡೆಯ ಒಲೆಗೆ ಕಾಫಿ ಗಿಡದ ಒಣ ರೆಂಬೆ ತುರುಕಿದೆ. ಅದು ಪದ್ಧತಿಯಂತೆ ಮೊದಲು ಹೊಗೆಯಾಡಿ, ನನ್ನ ಕಣ್ಣಲ್ಲಿ ನೀರು ಬರಿಸಿ, ಆಮೇಲೆ ಹತ್ತಿಕೊಂಡಿತು. ಫಿಲ್ಟರಿನ ತಲೆಗೆ ಎರಡು ಸಲ ತಟ್ಟಿ ಡಿಕಾಕ್ಷನ್ ಇಳಿಸಿದೆ. ಹಿಂಬಾಗಿಲು ತೆಗೆದರೆ ಎಸ್ಟೇಟಿನ ಸ್ಟೋರಿನ ತಗಡಿನ ಮೇಲೆ ಮಂಜು ಕೂತಿತ್ತು. ಕೂಲಿಯವರ ಲೈನಿನ ಮನೆಗಳ ಕಡೆಯಿಂದ ಯಾರೋ ಕೆಮ್ಮಿದರು, ಯಾರೋ ಬಿಂದಿಗೆ ಕುಕ್ಕಿದರು. ಇದು ಕಾಫಿ ಹಣ್ಣು ಕುಯ್ಯುವ ಕಾಲ. ಏಳೂವರೆಗೆ ಹಾಜರಿ ಹಿಡಿಯುವ ಮಸ್ಟರಿನ ಗಂಟೆ ಹೊಡೆಯುವುದರೊಳಗೆ, ಬೆಳಗೋಡಿನ ಈ ಕಡೆಯ ಅಷ್ಟೂ ಮನೆಗಳಲ್ಲಿ ಅವಸರದ ರೊಟ್ಟಿ ತಟ್ಟುತ್ತಾರೆ. ನಾನೂ ತಟ್ಟಿದೆ.

ಇವರು ಮಂಚದ ಅಂಚಿನಲ್ಲಿ ಕೂತು ಕಾಲುಚೀಲ ಬಿಚ್ಚುತ್ತಿದ್ದರು. ಈ ಚಳಿಗೆ ನಾವಿಬ್ಬರೂ ಕಾಲುಚೀಲ ಹಾಕಿಕೊಂಡೇ ಮಲಗುತ್ತೇವೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾಫಿ ಲೋಟ ಕೊಡಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಕಣಕಾಲಿನ ಸುತ್ತ ಎಲಾಸ್ಟಿಕ್ಕಿನ ಗೆರೆ. ಗೆರೆ ಎಲ್ಲರ ಕಾಲಿಗೂ ಬೀಳುತ್ತದೆ, ನಿಮ್ಮ ಕಾಲಿಗೂ ಬಿದ್ದೀತು. ಆದರೆ ಇದರ ಎರಡು ದಡವೂ ಉಬ್ಬಿಕೊಂಡಿತ್ತು.

"ಏನೇ ಹಂಗೆ ನೋಡ್ತಿದ್ದೀಯ?" ಎಂದರು.

"ಒಂದು ನಿಮಿಷ ಕಾಲು ಕೊಡಿ."

ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಿಟ್ಟೆ. ರೊಟ್ಟಿಯ ಹಿಟ್ಟಿನಲ್ಲಿ ಬೆರಳೂರಿದ ಹಾಗೆ ಗುಳಿ ಬಿತ್ತು. ಮನಸ್ಸಿನಲ್ಲೇ ಎಣಿಸಿದೆ. ಹನ್ನೆರಡು ಎಣಿಸುವವರೆಗೂ ಗುಳಿ ಅಲ್ಲೇ ಇತ್ತು.

"ಕಾಲುಚೀಲ ಹೊಸದು ಕಣೇ, ಬಿಗಿ," ಎಂದು ನಕ್ಕರು. ಕಾಫಿ ಕುಡಿಯುವಾಗ ಎರಡು ಗುಟುಕಿನ ಮಧ್ಯೆ ಉಸಿರು ತೆಗೆದುಕೊಂಡರು. ಆಗ ಇನ್ನೊಂದು ವಿಷಯ ನೆನಪಾಯಿತು. ಸ್ಟೋರ್ ನೋಡಿಕೊಳ್ಳುವ ಇವರು ಹದಿನೈದು ದಿನದಿಂದ ಮಧ್ಯಾಹ್ನ ಊಟಕ್ಕೆ ಅಲ್ಲಿಂದ ಮನೆಗೆ ಏರಿ ಬರುವಾಗ ಅರ್ಧ ದಾರಿಯಲ್ಲಿ ನಿಂತು ಮೆಣಸಿನ ಬಳ್ಳಿ ನೋಡುತ್ತಾರೆ. ಇಪ್ಪತ್ತು ವರ್ಷದಿಂದ ಅದೇ ಬಳ್ಳಿ. ಅದರಲ್ಲಿ ನೋಡುವಂಥದ್ದು ಏನಿದೆ?

"ಸಕಲೇಶಪುರಕ್ಕೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡು ಬರೋಣ ಕಣ್ರೀ," ಎಂದೆ.

"ಪಿಕ್ಕಿಂಗ್ ಮುಗೀಲಿ, ಹೋಗೋಣ. ಈಗ ಸ್ಟೋರ್ ಬಿಟ್ಟು ಹೆಂಗೆ ಬರ್ಲಿ?"

"ಆಗಲಿ," ಎಂದೆ.

ಇವರು ರೊಟ್ಟಿ ತಿಂದು ಹೊರಟುಹೋದರು. ನಾನು ಬಾಗಿಲ ಹಿಂದಿನ ಮೊಳೆಯನ್ನು ನೋಡುತ್ತಾ ನಿಂತೆ. ಅಲ್ಲಿ ಮಾವನ ಕೊಡೆ ನೇತಾಡುತ್ತಿದೆ. ಇದೇ ಮನೆಯಲ್ಲಿ, ಇಂಥದೇ ಒಂದು ಜನವರಿಯಲ್ಲಿ, ಇದೇ 'ಆಗಲಿ' ಎಂಬ ಮಾತನ್ನು ನಾನು ಹಿಂದೆಯೂ ಹೇಳಿದ್ದೆ. ಬಾಯಲ್ಲಿ ಹೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮಾವ ಈ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಹಣ್ಣಿನ ಕಾಲ ಬಂದರೆ ಅವರನ್ನೇ ತೂಕಕ್ಕೆ ಕರೆಯುತ್ತಿದ್ದರು. ಹಣ್ಣು ಕುಯ್ಯುವವರಿಗೆ ತೂಕದ ಲೆಕ್ಕದಲ್ಲಿ ಕೂಲಿ. ಹಾಗಾಗಿ ತೂಗುವವನ ಮೇಲೆ ಎಲ್ಲರಿಗೂ ಒಂದು ಕಣ್ಣು. ಸಂಜೆ ನಾಲ್ಕಕ್ಕೆ ಸ್ಟೋರಿನ ಮುಂದಿನ ಕಣದಲ್ಲಿ ಹೆಂಗಸರು ಚೀಲ ಹೊತ್ತು ಸಾಲಾಗಿ ನಿಂತರೆ, ಮಾವ ಒಂದೊಂದು ಚೀಲವನ್ನೂ ಮೆಷಿನ್ನಿನ ಹಲಗೆಯ ಮೇಲೆ ಇಡಿಸಿ, ತಾವು ಎರಡು ಹೆಜ್ಜೆ ಹಿಂದೆ ಸರಿದು, ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು.

"ತೂಗೋವಾಗ ತಕ್ಕಡಿ ನೋಡಬ್ಯಾಡ್ರಿ, ತೂಗೋನ ಕೈಕಾಲು ನೋಡ್ರಿ," ಎಂದು ಅವರಿಗೆ ಪಾಠ ಬೇರೆ. "ಕಾಲ್ ಹೆಬ್ಬೆಟ್ಟಲ್ಲಿ ಹಲಗೆ ಒಂಚೂರು ಎತ್ತಿ ಹಿಡುದ್ರೆ ಮುಗೀತು, ಎಲ್ಡು ಕೆಜಿ ಹೋಗ್ಬುಡ್ತದೆ."

ಅವರ ತೂಕದ ಬಗ್ಗೆ ಲೈನಿನವರು ಆಣೆ ಇಡುತ್ತಿದ್ದರು. ರೈಟ್ರಯ್ಯ ಎಂದೇ ಅವರ ಹೆಸರು. ನಿಜವಾದ ಹೆಸರು ಮದುವೆ ಕಾಗದದಲ್ಲಿ ಓದಿದ್ದು ಬಿಟ್ಟರೆ ನನಗೂ ಬಳಕೆಯಲ್ಲಿ ಕೇಳಿದ ನೆನಪಿಲ್ಲ. ನಾನು ಈ ಮನೆಗೆ ಬರುವಷ್ಟರಲ್ಲಿ ಅತ್ತೆ ತೀರಿಕೊಂಡಿದ್ದರು. ಮಾವ ನನ್ನನ್ನು ಅಮ್ಮಣ್ಣಿ ಎಂದು ಕರೆಯುತ್ತಿದ್ದರು. ನಾನು ಅವರ ಎದುರು ಕುರ್ಚಿಯ ಮೇಲೆ ಕೂತವಳಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರಿಗೆ ದಮ್ಮು ಶುರುವಾಯಿತು. ಏರು ಹತ್ತುವಾಗ ನಿಂತು ಕಾಫಿ ಗಿಡದ ಕಾಯಿ ಹಿಚುಕಿ, "ಕಾಯಿಕೊರಕ ಬಿದ್ದೈತಾ ಅಂತ ನೋಡ್ತಿದ್ದೆ," ಎನ್ನುತ್ತಿದ್ದರು. ಮಲಗಿದರೆ ಉಸಿರು ಕಟ್ಟಿ, ತಲೆಯ ಕೆಳಗೆ ಒಂದು ದಿಂಬು ಎರಡಾಯಿತು, ಎರಡು ಮೂರಾಯಿತು. ಕೊನೆಗೆ ಇವರು ಹಟ ಹಿಡಿದು ಸಕಲೇಶಪುರಕ್ಕೆ ಕರೆದುಕೊಂಡು ಹೋದರು, ಜೊತೆಗೆ ನನ್ನನ್ನೂ. "ಇಂಗ್ಲಿಷ್ ಓದಿದ್ದೀಯ, ಡಾಕ್ಟರ್ ಹೇಳಿದ್ದನ್ನ ಸರಿಯಾಗಿ ತಿಳ್ಕೊ," ಎಂದರು.

ಎದೆಯ ಎಕ್ಸ್‌ರೇ ತೆಗೆಯುವವನು, "ಯಜಮಾನ್ರೇ, ಕೊರಳಲ್ಲಿರೋದನ್ನ ತೆಗೆದಿಡಿ," ಎಂದ. ಮಾವನ ಕೊರಳಲ್ಲಿ ಶಿವದಾರ, ಅದರಲ್ಲಿ ಲಿಂಗದ ಬೆಳ್ಳಿ ಕರಡಿಗೆ. ದೀಕ್ಷೆಯಾದಂದಿನಿಂದ ಮೈಬಿಟ್ಟು ಇಳಿಯದ ವಸ್ತು. "ತೆಗೆಯಾಕಿಲ್ಲ. ಪ್ರಾಣ ಹೋದ್ರೂ ತೆಗೆಯಾಕಿಲ್ಲ," ಎಂದರು. ಅವನು, "ತೆಗೀದಿದ್ರೆ ಪ್ರಾಣ ಎಲ್ಲೈತೆ ಅಂತ ಹೆಂಗೆ ನೋಡ್ಲಿ ಸ್ವಾಮಿ?" ಎಂದ. ಕೊನೆಗೆ ಕರಡಿಗೆಯನ್ನು ಭುಜದ ಮೇಲಕ್ಕೆ ಸರಿಸಿ ಕಟ್ಟುವುದೆಂದು ರಾಜಿಯಾಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದಾಗ ಮೇಲೆ, ಮೂಲೆಯಲ್ಲಿ, ಕೋಳಿಮೊಟ್ಟೆಯಂಥ ಒಂದು ಅಚ್ಚಬಿಳಿ ಗುರುತು. "ಇದು ನಿಮ್ಮ ದೇವರು," ಎಂದರು. ಆಮೇಲೆ ಬೆರಳನ್ನು ಕೆಳಗೆ ತಂದು, ಎದೆಯ ಎಡಭಾಗವನ್ನೆಲ್ಲ ತುಂಬಿ ಪಕ್ಕೆಲುಬಿಗೆ ತಾಗುವಂತೆ ಹರಡಿದ್ದ ಮಸುಕಿನ ಸುತ್ತ ಗೆರೆ ಎಳೆದರು. "ಇದು ನಿಮ್ಮ ಹೃದಯ. ಎದೆಯ ಅಗಲದಲ್ಲಿ ಅರ್ಧಕ್ಕಿಂತ ಜಾಸ್ತಿ ಇರಬಾರದು. ಇದು ಎಲ್ಲಿವರೆಗೂ ಬಂದಿದೆ ನೋಡಿ."

ಇಲ್ಲಿ ನಾನು ನನ್ನ ವಿದ್ಯೆ ತೋರಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿಕೊಟ್ಟಿದ್ದರು, ಪ್ರತಿಯೊಬ್ಬರ ಹೃದಯವೂ ಅವರವರ ಮುಷ್ಟಿಯಷ್ಟಿರುತ್ತದೆ ಎಂದು. ನಾನು ಕೆಂಪು, ನೀಲಿ ಪೆನ್ಸಿಲಿನಲ್ಲಿ ಹೃದಯದ ಚಿತ್ರ ಬರೆದು ಗುಡ್ ಹಾಕಿಸಿಕೊಂಡವಳು. "ಮೇಡಂ, ನಮ್ಮ ಮಾವನ ಮುಷ್ಟಿಯೇ ದೊಡ್ಡದು, ಮೂಟೆ ಎತ್ತಿದ ಕೈ. ಅದಕ್ಕೇ ಇರಬಹುದಾ?" ಎಂದು ಕೇಳಿದೆ.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಗಲಿಲ್ಲ, ಅದು ಅವರ ದೊಡ್ಡತನ. "ನಿಮ್ಮ ಸಿಸ್ಟರ್ ಹೇಳಿದ್ದು ಸರಿ. ಆದರೆ ಇಲ್ಲಿ ಎರಡು ಮುಷ್ಟಿ ಇದೆಯಲ್ಲ," ಎಂದರು.

ಮಾವ, "ದೊಡ್ಡದಾದ್ರೆ ಶಕ್ತಿ ಜಾಸ್ತಿ ಅಲ್ವಾ ತಾಯಿ?" ಎಂದರು.

"ನಿಮ್ಮ ಗೋಣಿಚೀಲನೇ ತಗೊಳ್ಳಿ. ದಿನಾ ಹಿಡಿಸಲಾರದಷ್ಟು ತುಂಬಿದರೆ ಏನಾಗುತ್ತೆ?"

"ನೇಯ್ಗೆ ಹಿಗ್ಗೋಗ್ತದೆ. ಜೋಲು ಬೀಳ್ತದೆ."

"ಅದೇ ಆಗಿರೋದು. ಎಷ್ಟು ವರ್ಷದಿಂದ ಬಿಪಿ ಇತ್ತೋ, ನೀವು ತೋರಿಸಲಿಲ್ಲ. ಅಷ್ಟು ಒತ್ತಡಕ್ಕೆ ಎದುರಾಗಿ ತಳ್ಳಿ ತಳ್ಳಿ ಹೃದಯದ ಮಾಂಸ ಹಿಗ್ಗಿಹೋಗಿದೆ. ಹಿಗ್ಗಿದ್ದಕ್ಕೆ ಹಿಂಡೋ ಶಕ್ತಿ ಕಮ್ಮಿ. ಮುಂದಕ್ಕೆ ಹೋಗಬೇಕಾದ ರಕ್ತ ಹಿಂದೆ ಹಿಂದೆ ನಿಲ್ಲುತ್ತೆ. ಆ ನೀರು ಕಾಲಿಗೆ ಇಳಿದರೆ ಬಾವು, ಶ್ವಾಸಕೋಶಕ್ಕೆ ಹೋದರೆ ದಮ್ಮು."

"ವಾಸಿ ಆಯ್ತದಾ?" ಎಂದು ಮಾವ ಕೇಳಿದರು.

"ವಾಸಿಗಿಂತ ಸಂಭಾಳಿಸೋದು ಅನ್ನಿ. ಸರಿಯಾಗಿ ಸಂಭಾಳಿಸಿದರೆ ವರ್ಷಗಟ್ಟಲೆ ಚೆನ್ನಾಗಿರಬಹುದು."

ಹೇಗೆ ಸಂಭಾಳಿಸುವುದೆಂದು ನಾನು ಬಸ್ ಟಿಕೇಟಿನ ಹಿಂದೆ ಬರೆಯಲು ಹೋಗಿ, ಜಾಗ ಸಾಲದೆ, ಔಷಧಿ ಕವರಿನ ಮೇಲೆಲ್ಲ ಬರೆದೆ. ಬೆಳಿಗ್ಗೆ ನೀರಿನ ಮಾತ್ರೆ, ಮೈಯಲ್ಲಿ ನಿಂತ ನೀರು ಇಳಿಸುವುದಕ್ಕೆ. ಬಿಪಿ ಇಳಿಸಿ ಹೃದಯದ ಭಾರ ಕಮ್ಮಿ ಮಾಡುವ ಇನ್ನೊಂದು ಮಾತ್ರೆ, ಚೆನ್ನಾಗಿದ್ದೇವೆ ಎನಿಸಿದರೂ ಬಿಡುವಂತಿಲ್ಲ. ಉಪ್ಪು ತೀರಾ ಕಮ್ಮಿ. ಉಪ್ಪಿನಕಾಯಿ, ಹಪ್ಪಳ ಬೇಡ. ನೀರು ಅಳತೆ ಮಾಡಿ. ಮಂಡಿನೋವಿಗೆ ಅಂಗಡಿ ಮಾತ್ರೆ ನುಂಗುವಂತಿಲ್ಲ. ಹಾಸನಕ್ಕೆ ಹೋಗಿ ಹೃದಯದ ಸ್ಕ್ಯಾನ್, ಎಕೋ, ಮಾಡಿಸಬೇಕು. ಇಷ್ಟೆಲ್ಲ ಆದಮೇಲೆ ಕೊನೆಯದಾಗಿ ಡಾಕ್ಟರು ಹೇಳಿದ್ದು ತೂಕ. "ದಿನಾ ಬೆಳಿಗ್ಗೆ, ಏನೂ ತಿನ್ನೋದಕ್ಕೆ ಮುಂಚೆ, ಒಂದೇ ಥರ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಮೈಯಲ್ಲಿ ನೀರು ಸೇರಿದರೆ ಕಣ್ಣಿಗೆ ಕಾಣೋದಕ್ಕೆ ಮುಂಚೆ ತೂಕದಲ್ಲಿ ಗೊತ್ತಾಗುತ್ತೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅವತ್ತೇ ಬಂದುಬಿಡಿ."

ತೂಕ ಎಂಬ ಮಾತು ಕೇಳಿ ಮಾವನ ಮುಖ ಅರಳಿತು. ಇದೊಂದು ತಮಗೆ ಗೊತ್ತಿರುವ ಕೆಲಸ.

ಹಾಸನದಲ್ಲಿ ಎಕೋ ಆಯಿತು. ಕಪ್ಪು ಪರದೆಯ ಮೇಲೆ ಮಾವನ ಹೃದಯ ಆಡುವುದನ್ನು ನಾನೂ ನೋಡಿದೆ. ಬೆಳಿಗ್ಗೆ ಎಬ್ಬಿಸಿದರೆ ಇನ್ನೈದು ನಿಮಿಷ ಎನ್ನುವ ಮಗುವಿನ ಹಾಗೆ ಅದು ಮನಸ್ಸಿಲ್ಲದೆ ಅಲುಗುತ್ತಿತ್ತು. ನೋಡಬಾರದ್ದನ್ನು ನೋಡಿದೆ ಎನಿಸಿ ತಲೆ ತಗ್ಗಿಸಿದೆ. ಮಾವನ ಕಡೆ ನೇರವಾಗಿ ನೋಡದ ಸೊಸೆ ಅವರ ಹೃದಯದ ಒಳಗನ್ನೇ ನೋಡುವುದೆಂದರೆ!

ಮಾತ್ರೆಗಳು ಕೆಲಸ ಮಾಡಿದವು. ಹದಿನೈದು ದಿನದಲ್ಲಿ ನೀರು ಇಳಿದು ತೂಕ ಅರವತ್ತೊಂದಕ್ಕೆ ಬಂದು ನಿಂತಿತು. ಆಗ ಸ್ಟೋರಿನ ಮುಂದಿದ್ದದ್ದು ಹಳೆಯ ಕಾಲದ ಮೆಷಿನ್ನು. ಕೆಳಗೆ ಕಬ್ಬಿಣದ ಹಲಗೆ, ಎದುರಿಗೆ ಕಂಬ, ಕಂಬದ ತಲೆಯ ಮೇಲೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಸರಿಯುವ ಹಿತ್ತಾಳೆ ಗುಂಡು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯಲ್ಲಿ ವಿಭೂತಿ ಇನ್ನೂ ಒದ್ದೆ ಇರುವಾಗಲೇ ಮಾವ ಅಲ್ಲಿಗೆ ಇಳಿದು ಹೋಗುತ್ತಿದ್ದರು. ಹಿಂದೆ ನಾನು. ಮಸ್ಟರಿಗೆ ಸೇರಿದ ಹೆಂಗಸರೆಲ್ಲ ದಾರಿ ಬಿಡುತ್ತಿದ್ದರು. ಮಾವ ಹಲಗೆ ಹತ್ತಿ ತಾವೇ ಗುಂಡು ಸರಿಸಿ, ತೂಕ ಹೇಳಿ, ಅದರಲ್ಲಿ ಪಂಚೆ, ಅಂಗಿ, ಕರಡಿಗೆಗೆಂದು ಒಂದಿಷ್ಟು ಕಳೆಯುತ್ತಿದ್ದರು. ಚೀಲದ ತೂಕ ಕಳೆದು ಅಭ್ಯಾಸವಾದ ಬಾಯಿ. ನಾನು ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯುತ್ತಿದ್ದೆ. ಅರವತ್ತೊಂದು. ಅರವತ್ತೊಂದು. ಅರವತ್ತೊಂದೂ ಕಾಲು.

ಉಪ್ಪಿನ ಯುದ್ಧ ಮಾತ್ರ ದಿನಾ ನಡೆಯುತ್ತಿತ್ತು. ನಿಂಬೆರಸ, ಶುಂಠಿ, ಕಾಳುಮೆಣಸು ಎಂದು ಏನೆಲ್ಲ ಮಾಡಿ ಸಪ್ಪೆ ಸಾರನ್ನು ಮುಚ್ಚಿಡುತ್ತಿದ್ದೆ. ಮಾವ ಬಾಯಿಗಿಟ್ಟು, "ಅಮ್ಮಣ್ಣಿ, ಸಾರು ಚೆನ್ನಾಗೈತೆ. ಉಪ್ಪು ಹಾಕಿದ್ರೆ ಇನ್ನೂ ಚೆನ್ನಾಗಿರದು," ಎನ್ನುತ್ತಿದ್ದರು. ಒಂದು ದಿನ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ನೆಲ್ಲಿಕಾಯಿಯ ಬೀಜ ಸಿಕ್ಕಿತು. ಉಪ್ಪುನೀರಿನಲ್ಲಿ ಹಾಕಿಟ್ಟ ನೆಲ್ಲಿಕಾಯಿ. ಲೈನಿನಲ್ಲಿ ಅದನ್ನು ಜಾಡಿಗಟ್ಟಲೆ ಮಾಡಿಟ್ಟುಕೊಳ್ಳುತ್ತಾರೆ, ಕೇಳಿದವರಿಗೆ ಇಲ್ಲವೆನ್ನುವುದಿಲ್ಲ. ಅದರಲ್ಲೂ ರೈಟ್ರಯ್ಯ ಕೇಳಿದರೆ! ಬೀಜವನ್ನು ಹಿತ್ತಿಲಿಗೆ ಎಸೆದೆ. ಯಾರಿಗೂ ಹೇಳಲಿಲ್ಲ.

ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆಂದು ನನಗೊಂದು ಜಂಬ. ಸಿಸ್ಟರ್ ರಿಪೋರ್ಟ್ ಕಾರ್ಡಿನಲ್ಲೇ ಹಾಗೆಂದು ಬರೆದಿದ್ದರು. ಇದೇ ಹುಡುಗಿ ಕ್ಲಾಸಿನಲ್ಲಿ ಬಾಯಿ ತೆರೆಯುವುದಿಲ್ಲ ಎಂದೂ ಅದರ ಕೆಳಗೇ ಬರೆದಿದ್ದರು. ಆ ಎರಡನೇ ಸಾಲನ್ನು ನಾನು ಯಾರಿಗೂ ತೋರಿಸಿದ ನೆನಪಿಲ್ಲ.

ಹಣ್ಣು ಕುಯ್ಯಲು ಶುರುವಾಯಿತು. ಆ ಜನವರಿಯ ಒಂದು ಬೆಳಿಗ್ಗೆ ಮಾವ ತೂಕಕ್ಕೆ ಹೊರಡುವಾಗ ಬಾಗಿಲ ಹಿಂದಿನ ಕೊಡೆ ತೆಗೆದುಕೊಂಡರು. ಉದ್ದ ಕಾವಿನ, ಮರದ ಹಿಡಿಯ ಕರಿ ಕೊಡೆ. ಆಕಾಶ ತೊಳೆದಿಟ್ಟ ಹಾಗಿತ್ತು. ಜನವರಿಯಲ್ಲಿ ಕೊಡೆ ಯಾಕೆ ಎಂದು ಕೇಳಬಹುದಿತ್ತು. ವಯಸ್ಸಾಯಿತು, ಊರಿಕೊಳ್ಳುವುದಕ್ಕಿರಬಹುದು ಅಂದುಕೊಂಡೆ. ಮೆಷಿನ್ನಿನ ಮೇಲೆ ನಿಂತಾಗಲೂ ಕೊಡೆಯ ತುದಿಯನ್ನು ಹಲಗೆಯ ಆಚೆ, ನೆಲಕ್ಕೆ ಊರಿದ್ದರು. ಗುಂಡು ಸರಿಸಿದರು. "ಅರವತ್ತೊಂದು ಬರ್ಕಳಮ್ಮಣ್ಣಿ."

ಬರೆದೆ.

ಮೂರನೇ ದಿನ, ಅವರು ಇಳಿದು ಹೋದ ಮೇಲೆ ನೆಲ ನೋಡಿದೆ. ಹಲಗೆಯ ಪಕ್ಕದ ಗಟ್ಟಿ ಮಣ್ಣಿನಲ್ಲಿ ಒಂದು ಗುಂಡನೆಯ ತೂತು, ಕಾಸಗಲ. ಐದನೇ ದಿನ ಅದು ಅರ್ಧ ಬೆರಳು ಆಳವಾಗಿತ್ತು. ಎಂಟನೇ ದಿನ ಒಂದು ಬೆರಳು. ಕೊಡೆಯ ಮೇಲೆ ದಿನದಿಂದ ದಿನಕ್ಕೆ ಜಾಸ್ತಿ ಭಾರ ಬೀಳುತ್ತಿತ್ತು, ಕ್ಯಾಲೆಂಡರಿನಲ್ಲಿ ಅರವತ್ತೊಂದು ಅರವತ್ತೊಂದಾಗಿಯೇ ಉಳಿದಿತ್ತು. ಅವರ ಚಪ್ಪಲಿಯ ಪಟ್ಟಿ ಒಂದು ತೂತು ಹಿಂದಕ್ಕೆ ಹೋಗಿತ್ತು. ಮಧ್ಯಾಹ್ನ ಮಲಗುವುದನ್ನು ಬಿಟ್ಟು ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಮೂವತ್ತು ವರ್ಷ ಒಂದು ಹಿಡಿ ಹಣ್ಣಿಗೆ ಮೋಸ ಮಾಡದವರು ತಮ್ಮ ಮೈಯ ತೂಕವನ್ನೇ ಕದಿಯುತ್ತಿದ್ದರು. ಯಾಕೆಂದೂ ನನಗೆ ಗೊತ್ತಿತ್ತು. ತೂಕ ಏರಿದರೆ ಹಾಸನದ ಆಸ್ಪತ್ರೆ. ಆಸ್ಪತ್ರೆ ಸೇರಿದರೆ ಸಂಜೆಯ ತೂಕಕ್ಕೆ ಬೇರೆ ಯಾರೋ ನಿಲ್ಲುತ್ತಾರೆ. ಆ ಬೇರೆ ಯಾರೋ ಒಬ್ಬನ ಹೆಬ್ಬೆಟ್ಟಿನ ಮೇಲೆ ಮಾವನಿಗೆ ನಂಬಿಕೆಯಿರಲಿಲ್ಲ.

ಇವರಿಗೆ ಹೇಳೋಣವೆಂದರೆ, ಮಗನ ಎದುರು ಅಪ್ಪನನ್ನು ಸುಳ್ಳುಗಾರ ಮಾಡಿದ ಹಾಗಾಗುತ್ತದೆ. ಮಾವನಿಗೇ ಹೇಳೋಣವೆಂದರೆ, ಯಾವ ಬಾಯಲ್ಲಿ? ಪ್ರತಿ ಬೆಳಿಗ್ಗೆ, ಇವತ್ತು ಕೊಡೆಯನ್ನು ನಾನೇ ಮೊದಲು ತೆಗೆದು ಅಡಗಿಸಿಡೋಣ ಎಂದುಕೊಳ್ಳುತ್ತಿದ್ದೆ. ಪ್ರತಿ ಬೆಳಿಗ್ಗೆ ಅವರು ಕೈಚಾಚುವಾಗ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರೋ ಗೊತ್ತಿಲ್ಲ. ನಾನು ಹನ್ನೊಂದು ದಿನ ಪೆನ್ಸಿಲ್ ಹಿಡಿದು ಸುಳ್ಳು ಬರೆದೆ, ಮುದ್ದಾದ ಕಾನ್ವೆಂಟ್ ಅಕ್ಷರದಲ್ಲಿ.

ಹನ್ನೊಂದನೇ ದಿನ ಸಂಜೆ ನಾಲ್ಕೂವರೆ ಇರಬೇಕು. ನಾನು ಕಣದ ಅಂಚಿನಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಮಾವ ತೂಕ ಕೂಗುವುದು ಕೇಳುತ್ತಿತ್ತು. "ಮೂವತ್ತೆಂಟು... ನಲವತ್ತೊಂದೂವರೆ..." ಆಮೇಲೆ, "ಇಪ್ಪ..." ಅಷ್ಟೇ. ತಿರುಗಿ ನೋಡಿದರೆ ಹಣ್ಣಿನ ಮೂಟೆಯ ಮೇಲೆ ಕೂತಿದ್ದರು. ತುಟಿ ನೇರಳೆ ಬಣ್ಣ. ಎದೆಯೊಳಗೆ ಗಂಜಿ ಕುದಿಯುವಂಥ ಸದ್ದು. ಸುತ್ತ ಮುತ್ತಿಕೊಂಡವರು, "ಮಲಗ್ಸಿ, ಮಲಗ್ಸಿ" ಎನ್ನುತ್ತಿದ್ದರು. ಯಾರೋ ನೀರಿನ ಚೊಂಬು ತಂದರು. ಇನ್ನೊಬ್ಬಳು ತನ್ನ ಬುತ್ತಿಯ ಗಂಜಿಗೆ ಉಪ್ಪು ಹಾಕಿ ಕಲಕುತ್ತಿದ್ದಳು. ಸುಸ್ತಾದವರಿಗೆ ಉಪ್ಪುಗಂಜಿ ಕೊಡುವುದು ಇಲ್ಲಿಯ ಪ್ರೀತಿ.

"ಮಲಗಿಸಬೇಡಿ! ಕೂರಿಸಿ! ಏನೂ ಕುಡಿಸಬೇಡಿ!" ಎಂದು ಯಾರೋ ಕಿರುಚಿದರು. ಅದು ನಾನೇ ಎಂದು ಗೊತ್ತಾಗಿದ್ದು ಎಲ್ಲರೂ ನನ್ನ ಕಡೆ ತಿರುಗಿದಾಗ.

ಎಸ್ಟೇಟಿನ ಜೀಪಿನಲ್ಲಿ ಅವರನ್ನು ಕೂರಿಸಿಕೊಂಡು, ಬೆನ್ನಿಗೆ ನಾನು ಒರಗು ಕೊಟ್ಟುಕೊಂಡು, ಸಕಲೇಶಪುರ ತಲುಪಿದೆವು. ಅಲ್ಲಿ ಆಕ್ಸಿಜನ್ ಹಾಕಿ, ನೀರು ಇಳಿಸುವ ಇಂಜೆಕ್ಷನ್ ಕೊಟ್ಟು, ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಹಾಸನಕ್ಕೆ ಕಳಿಸಿದರು. ಆಲೂರು ದಾಟುವವರೆಗೂ ಅವರ ಕೈ ನನ್ನ ಮಣಿಕಟ್ಟನ್ನು ಹಿಡಿದೇ ಇತ್ತು. ಪ್ರತಿ ತಿರುವಿನಲ್ಲೂ, ಈಗ ಬಿಟ್ಟುಹೋಗುತ್ತದೆ ಎಂದುಕೊಂಡೆ.

ಬದುಕಿದರು. ಮಾರನೇ ಬೆಳಿಗ್ಗೆ ಹಾಸನದ ಡಾಕ್ಟರು ತೂಕ ನೋಡಿದರೆ ಅರವತ್ತೇಳು. ಜೀಪು ಬರುವಷ್ಟರಲ್ಲಿ ನಾನು ಮನೆಗೆ ಓಡಿ ಕ್ಯಾಲೆಂಡರಿನ ಹಾಳೆ ಹರಿದು ತಂದಿದ್ದೆ. ಅದನ್ನು ನೋಡಿ, "ನಿನ್ನೆ ಅರವತ್ತೊಂದು, ಇವತ್ತು ಅರವತ್ತೇಳು. ಒಂದು ದಿನದಲ್ಲಿ ಹೀಗೆ ಏರುತ್ತಾ? ಯಾರು ಬರೆದಿದ್ದು?" ಎಂದರು. "ನಾನೇ," ಎಂದೆ. ಮಂಚದ ಮೇಲೆ ಮಾಸ್ಕ್ ಹಾಕಿಕೊಂಡು ಒರಗಿದ್ದ ಮಾವ ಕೈ ಎತ್ತಿ ತಮ್ಮ ಎದೆಯನ್ನು ಎರಡು ಸಲ ತಟ್ಟಿ ತೋರಿಸಿದರು. ಡಾಕ್ಟರು ಎದೆನೋವೆಂದುಕೊಂಡು ಸ್ಟೆತಾಸ್ಕೋಪ್ ಇಟ್ಟರು.

ಮಾಸ್ಕ್ ತೆಗೆದ ದಿನ, ಇವರು ಹಣ್ಣು ತರಲು ಹೋಗಿದ್ದಾಗ, ಮಾವ ಗೋಡೆ ನೋಡುತ್ತಾ ಕೇಳಿದರು.

"ಕೊಡೆ ವಿಸ್ಯ ನಿಂಗೆ ಗೊತ್ತಿತ್ತಾ ಅಮ್ಮಣ್ಣಿ?"

"ಗೊತ್ತಿತ್ತು ಮಾವ."

"ಮತ್ಯಾಕೆ ಹೇಳ್ಲಿಲ್ಲ?"

ನಾನು ಅವರ ಹೊದಿಕೆಯ ಅಂಚು ಸರಿಮಾಡಿದೆ. ಅವರೇ ಹೇಳಿದರು, "ನೀನೊಂದು ಮಾತು ಅಂದಿದ್ರೆ ನಾಚ್ಕೆ ಆಗಿ ಬುಟ್ಬುಡ್ತಿದ್ನೇನೋ. ಇನ್ಮೇಲೆ ಆ ಕೊಡೆ ನಿಂತಾವೇ ಇರ್ಲಿ."

ಹೃದಯ ಇನ್ನಷ್ಟು ಹಿಗ್ಗಿತ್ತು. ಹತ್ತು ದಿನ ಮೊದಲೇ ಬಂದಿದ್ದರೆ ಮಾತ್ರೆಯ ಪ್ರಮಾಣ ಏರಿಸಿ ಮನೆಗೆ ಕಳಿಸಬಹುದಿತ್ತು ಎಂದರು ಡಾಕ್ಟರು. ಮತ್ತೆ ಕಣದಲ್ಲಿ ನಿಂತು ತೂಗುವ ಕೆಲಸ ಬೇಡವೇ ಬೇಡ ಎಂದರು. ಯಾವುದನ್ನು ಉಳಿಸಿಕೊಳ್ಳಲು ಕದ್ದರೋ ಅದೇ ಕೈಬಿಟ್ಟಿತು. ಆಮೇಲೆ ಮಾವ ನಾಲ್ಕು ವರ್ಷ ಇದ್ದರು, ಚೆನ್ನಾಗಿಯೇ ಇದ್ದರು. ಪ್ರತಿ ಬೆಳಿಗ್ಗೆ ಕೊಡೆ ನನ್ನ ಕೈಯಲ್ಲಿ, ಅವರ ಎರಡೂ ಕೈ ಬೆನ್ನ ಹಿಂದೆ. ಎರಡು ಸಲ ತೂಕ ಏರಿತು, ಎರಡು ಸಲವೂ ಅವತ್ತೇ ಹೊರಟೆವು, ಮಾತ್ರೆ ಬದಲಾಯಿಸಿಕೊಂಡು ಸಂಜೆಗೆ ವಾಪಸು ಬಂದೆವು. ಕೊನೆಗೆ ಒಂದು ಬೆಳಿಗ್ಗೆ ಪೂಜೆ ಮುಗಿಸಿ, ಕುರ್ಚಿಯಲ್ಲಿ ಕೂತು, ಕರಡಿಗೆಯ ಮೇಲೆ ಕೈಯಿಟ್ಟುಕೊಂಡೇ ಹೋಗಿಬಿಟ್ಟರು. ಆದರೆ ಆ ನಾಲ್ಕು ವರ್ಷವೂ ಸಂಜೆ ನಾಲ್ಕರ ಹೊತ್ತಿಗೆ ಅವರು ಕಿಟಕಿಯ ಹತ್ತಿರ ಕೂತು, ಕಣದಲ್ಲಿ ಬೇರೆಯವರು ತೂಗುವುದನ್ನು, ಅವರ ಕಾಲನ್ನು, ನೋಡುತ್ತಿದ್ದರು. ಆ ಬೆನ್ನನ್ನು ನಾನು ಅಡುಗೆಮನೆಯಿಂದ ನೋಡುತ್ತಿದ್ದೆ.

ಇಷ್ಟೆಲ್ಲ ಕಲಿತವಳು ಇವತ್ತು ಬೆಳಿಗ್ಗೆ 'ಆಗಲಿ' ಎಂದೆ!

ಇವರು ಹೋದ ಮೇಲೆ ಪಾತ್ರೆ ತೊಳೆದೆ. ಅಕ್ಕಿ ಆರಿಸಿದೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ. ಅಪ್ಪನಿಗೆ ಬಂದದ್ದು ಮಗನಿಗೂ ಬರಬಹುದು, ಮನೆಯವರೆಲ್ಲ ಬಿಪಿ ನೋಡಿಸಿಕೊಳ್ಳುತ್ತಿರಿ ಎಂದು ಡಾಕ್ಟರು ಅಂದೇ ಹೇಳಿದ್ದರು. ಇವರು ಎರಡು ವರ್ಷ ನೋಡಿಸಿದರು, ಆಮೇಲೆ ಬಿಟ್ಟರು. ನಾನು ಜ್ಞಾಪಿಸಿದೆ, ಆಮೇಲೆ ನಾನೂ ಬಿಟ್ಟೆ. ಹನ್ನೊಂದು ಗಂಟೆಗೆ ಸೆರಗು ಸಿಕ್ಕಿಸಿಕೊಂಡು, ಬಾಗಿಲು ಎಳೆದುಕೊಂಡು, ಸ್ಟೋರಿಗೆ ಇಳಿದೆ. ಅರ್ಧ ದಾರಿಯಲ್ಲಿ ನೋಡಿದರೆ ಕೊಡೆ ಕೈಯಲ್ಲಿತ್ತು. ಯಾವಾಗ ಮೊಳೆಯಿಂದ ತೆಗೆದೆನೋ ತಿಳಿಯದು.

ಈಗ ಅಲ್ಲಿ ಅಂಕಿ ಹೊಳೆಯುವ ಹೊಸ ಮೆಷಿನ್ ಬಂದಿದೆ. ಅದು ಬಂದ ದಿನ, ಮೂರು ವಾರದ ಹಿಂದೆ, ಸ್ಟೋರಿನವರೆಲ್ಲ ಸರದಿಯಲ್ಲಿ ಹತ್ತಿ ನಕ್ಕಿದ್ದರು. ಇವರದು ಅರವತ್ತೆಂಟು ಎಂದು ಮನೆಗೆ ಬಂದು ಹೇಳಿದ್ದರು. ನಾನು ಹೋದಾಗ ಡ್ರೈವರ್, ಇಬ್ಬರು ಹಮಾಲಿಗಳು, ಹಣ್ಣಿನಿಂದ ಬೆರಕೆ ಕಾಯಿ ಆರಿಸುತ್ತಿದ್ದ ಹೆಂಗಸರು, ಎಲ್ಲರೂ ಇದ್ದರು.

"ಮೇಲೆ ಹತ್ತಿ," ಎಂದು ಇವರಿಗೆ ಹೇಳಿದೆ.

"ಏನೇ ಇದು, ಎಲ್ಲರ ಮುಂದೆ..."

"ಹತ್ತಿ."

ಹತ್ತಿದರು. ಕೈ ತಾನಾಗಿಯೇ ಪಕ್ಕದ ಕಂಬ ಹಿಡಿಯಿತು. ಅದೇ ಮನೆತನದ ಕೈ.

"ಕೈ ಬಿಡಿ. ಹಿಂದೆ ಕಟ್ಟಿಕೊಳ್ಳಿ."

ಎಪ್ಪತ್ತೊಂದೂವರೆ. ಬಾಯಿಂದ ಹೊರಗೆ ಬರುವಂತೆ, ಕಣಕ್ಕೆಲ್ಲ ಕೇಳುವಂತೆ ಓದಿದೆ. "ಮೂರೂವರೆ ಕೆಜಿ ಜಾಸ್ತಿ. ಇದು ನನ್ನ ರೊಟ್ಟಿಯಿಂದ ಬಂದಿದ್ದಲ್ಲ ಕಣ್ರೀ. ಹನ್ನೆರಡರ ಬಸ್ಸಿದೆ, ನಡೀರಿ." ಬೆರಕೆ ಆರಿಸುತ್ತಿದ್ದವರ ಕೈ ನಿಂತಿತ್ತು. ಇವರು ನನ್ನ ಮುಖವನ್ನೂ, ಕೊಡೆಯನ್ನೂ ನೋಡಿ, ಸ್ಟೋರಿನ ಬೀಗದ ಕೈಯನ್ನು ಡ್ರೈವರಿಗೆ ಕೊಟ್ಟರು.

ಸಕಲೇಶಪುರದಲ್ಲಿ ಅದೇ ಡಾಕ್ಟರು, ಕನ್ನಡಕ ಬಂದಿದೆ. ಬಿಪಿ ನೋಡಿ, ಇನ್ನೊಂದು ತೋಳಿನಲ್ಲೂ ನೋಡಿದರು. ಕರಡಿಗೆಯನ್ನು ಯಾರೂ ಹೇಳದೆಯೇ ಇವರು ಭುಜಕ್ಕೆ ಸರಿಸಿ ಕಟ್ಟಿಕೊಂಡು ಎಕ್ಸ್‌ರೇಗೆ ನಿಂತರು. ಫಿಲ್ಮನ್ನು ಬೆಳಕಿಗೆ ಹಿಡಿದಾಗ ನಾನು ಮೊದಲು ಎಡಗಡೆಯ ಪಕ್ಕೆಲುಬಿನ ಕಡೆ ನೋಡಿದೆ.

"ಹಿಗ್ಗಲು ಶುರುವಾಗಿದೆ. ನಿಮ್ಮ ತಂದೆಯವರಷ್ಟಿಲ್ಲ," ಎಂದರು. "ಎಷ್ಟು ಅಂತ ಸೋಮವಾರ ಹಾಸನದಲ್ಲಿ ಎಕೋ ಮಾಡಿದ ಮೇಲೆ ಹೇಳ್ತೀನಿ. ಈ ಹಂತದಲ್ಲಿ ಬಿಪಿ ಹಿಡಿತಕ್ಕೆ ತಂದರೆ ಕೆಲವರಿಗೆ ಹೃದಯ ಮತ್ತೆ ಸ್ವಲ್ಪ ಕುಗ್ಗೋದೂ ಉಂಟು. ಮಾತು ಕೊಡೋಕಾಗಲ್ಲ. ಇವತ್ತಿಂದಲೇ ಮಾತ್ರೆ ಶುರು ಮಾಡಿ. ತೂಕದ ವಿಷಯ ನಿಮಗೆ ಹೇಳಬೇಕಾಗಿಲ್ಲ."

ಬಸ್ಸಿನಲ್ಲಿ ಇವರು ಬೆಳಗೋಡು ಹತ್ತಿರ ಬಂದಾಗ, "ಸೋಮವಾರ ಎಷ್ಟು ಗಂಟೆಗೆ ಹೊರಡ್ಬೇಕು?" ಎಂದು ಮಾತ್ರ ಕೇಳಿದರು. ಸೋಮವಾರಕ್ಕೆ ಇನ್ನೂ ನಾಲ್ಕು ದಿನವಿದೆ.

ಮನೆ ಮುಟ್ಟುವಾಗ ಸಂಜೆ ದೀಪದ ಹೊತ್ತು. ಇವರು ಒಳಗೆ ಹೋಗಿ ಕೂತರು. ನಾನಿನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ, ಪಕ್ಕದ ಮನೆಯ ಗೌರಮ್ಮ ಬಟ್ಟಲು ಹಿಡಿದು ಬಂದಳು. ಮಾವನ ಕಾಲದಲ್ಲಿ ಲೈನಿನಲ್ಲಿದ್ದು ಹಣ್ಣು ಕುಯ್ಯುತ್ತಿದ್ದವಳು, ಈಗ ಅವಳ ಗಂಡ ಎಸ್ಟೇಟಿನ ಟ್ರ್ಯಾಕ್ಟರ್ ಡ್ರೈವರು.

"ಏನಕ್ಕ, ಜನವರಿ ತಿಂಗ್ಳಲ್ಲಿ ಕೊಡೆ ಹಿಡ್ಕಂಡು ಹೋಗಿದ್ರಾ?" ಎಂದು ನಕ್ಕವಳು, ಮರದ ಹಿಡಿ ನೋಡಿ ಬಗ್ಗಿದಳು. "ಅಯ್ಯೋ, ಇದು ರೈಟ್ರಯ್ಯಂದಲ್ವಾ? ಇದ್ನ ನೆಲಕ್ಕೆ ಊರ್ಕಂಡು ತೂಕ ಕಮ್ಮಿ ಮಾಡ್ಕಂತಿದ್ರಲ್ಲ, ನೆಪ್ಪೈತಾ? ತೂಗೋನ ಕೈಕಾಲು ನೋಡ್ರಿ ಅಂತ ನಮ್ಗೆ ಕಲ್ಸಿದ್ದೇ ಅವ್ರು, ನಾವು ನೋಡ್ದೆ ಇರ್ತೀವಾ? ಇಡೀ ಲೈನಿಗೇ ಗೊತ್ತಿತ್ತು ಕಣಕ್ಕ. ಅಂಥೋರಿಗೆ ಹೆಂಗೆ ಹೇಳಾದು ಅಂತ ಎಲ್ರೂ ಸುಮ್ಕಿದ್ವಿ. ಅದಿರ್ಲಿ, ಹೆಪ್ಪಿಗೆ ಒಂಚೂರು ಮೊಸರು ಹಾಕಿ, ಹಾಲು ಆರೋಗ್ತೈತೆ."